ಲೋಟದ ಕೆಳಗಿನ ಮೊಳೆ ಆಟ ಮಾಡೋದು ಹೀಗೆ

ನಾಲ್ಕು ಕಾಗದದ ಲೋಟ, ಒಂದರೊಳಗೆ ನೆಟ್ಟಗೆ ನಿಂತ ಮೊಳೆ. ನೋಡುಗರ ಮನಸ್ಸು ಓದಿದಂತೆ ನಟಿಸುತ್ತಾ ಉಳಿದ ಮೂರನ್ನು ಅಂಗೈಯಿಂದ ಅಪ್ಪಚ್ಚಿ ಮಾಡಬೇಕು. ಮೊದಲು ನಾನೂ ನಿಜವಾದ ಮೊಳೆಯನ್ನೇ ಇಡುತ್ತಿದ್ದೆ, ಲೋಟದ ಅಂಚಿನ ಪೆನ್ಸಿಲ್ ಗುರುತನ್ನು ನಂಬಿ. ಒಂದು ಸಂಜೆ ಲೋಟ ತಿರುಗಿ ಗುರುತು ಹಿಂದೆ ಹೋಯಿತು. ಅಂಗೈಯ ಕಲೆ ಇನ್ನೂ ಇದೆ.

ಜಾದೂಗಾರ ಚುಂಗ್ ಲಿಂಗ್ ಸೂ 1918ರಲ್ಲಿ ಲಂಡನ್ನಿನಲ್ಲಿ, ಬಂದೂಕಿನಿಂದ ಹಾರಿದ ಗುಂಡನ್ನು ಹಿಡಿಯುವ ಆಟ ಮಾಡುವಾಗ ಗುಂಡು ತಗುಲಿ ಸತ್ತದ್ದೂ ಬಂದೂಕಿನೊಳಗಿನ ಏರ್ಪಾಡು ಸವೆದು ಕೈಕೊಟ್ಟಿದ್ದರಿಂದ.

ಈಗ ನನ್ನ ಹತ್ತಿರ ಎರಡು ಮೊಳೆ. ಒಂದು ಕಬ್ಬಿಣದ್ದು. ಇನ್ನೊಂದು ಬೂದು ಬಣ್ಣ ಬಳಿದ ಸ್ಪಂಜು, ಒತ್ತಿದರೆ ಮಡಚಿಕೊಳ್ಳುತ್ತದೆ. ಕಬ್ಬಿಣದ್ದನ್ನು ಮೇಜಿಗೆ ಟಣ್ ಅಂತ ಬಡಿಯಿರಿ, ನೋಡುಗರ ಕೈಗೂ ಕೊಡಿ. ವಾಪಸ್ ಪಡೆದು, ಲೋಟ ಎತ್ತಿಕೊಳ್ಳುವ ನೆಪದಲ್ಲಿ ಜೇಬಿಗೆ ಇಳಿಸಿ, ಸ್ಪಂಜಿನದನ್ನು ನಿಲ್ಲಿಸಿ ಮುಚ್ಚಿ. ಕನ್ನಡಿ ಮುಂದೆ ಜಾಸ್ತಿ ಅಭ್ಯಾಸ ಬೇಕಾದದ್ದು ಇದಕ್ಕೇ. ಲೋಟಗಳನ್ನು ಅವರೇ ಸರಿಸಿ ಕಲೆಸಲಿ. ಗುರುತು ಈಗಲೂ ಹಾಕುತ್ತೇನೆ, ಎರಡು ಕಡೆ.

ಎರಡನೇ ಲೋಟದ ಮೇಲೆ ಕೈ ತಂದು ಸುಮ್ನೆ ವಾಪಸ್ ತೆಗೆಯಿರಿ. ಒತ್ತುವುದಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಸ್ಪಂಜೇ ಅಲ್ವಾ ಅಂತ ನೋಡುಗರ ಕೈಯಿಂದ ಒತ್ತಿಸಬೇಡಿ. ಬದಲಾಯಿಸಲು ಮರೆಯುವ ದಿನವೂ ಬರುತ್ತದೆ. ಕೊನೆಯ ಲೋಟವನ್ನು ನೀವೇ ಎತ್ತಿ, ಯಾರೂ ಮುಟ್ಟುವ ಮೊದಲೇ ಮೊಳೆಯನ್ನು ಜೇಬಿಗೆ ಹಾಕಿಕೊಳ್ಳಿ.