ಚಾವಡಿಯಲ್ಲಿ ಕುಳಿತು ಮಾಡಿದ ವೃತ್ತಿ ಮಾರ್ಗದರ್ಶನ: ನನ್ನ ಅನುಭವ

ಹತ್ತನೆಯ ತರಗತಿಯವರಿಗೆ ಸಭಾಂಗಣದಲ್ಲಿ ನಡೆಸುತ್ತಿದ್ದ ವೃತ್ತಿ ಮಾರ್ಗದರ್ಶನವನ್ನು ನಿಲ್ಲಿಸಿ ನಾನು ಮಂಗಳೂರಿನ ಹೊಳೆಯಾಚೆಯ ಮೀನುಗಾರರ ಊರಾದ ಬೆಂಗ್ರೆಯ ಮನೆಗಳ ಚಾವಡಿಗೆ, ಅಂದರೆ ಮುಂಭಾಗದ ಪಡಸಾಲೆಗೆ, ಹೋಗತೊಡಗಿದಾಗ, ಇದು ಬರಿಯ ತಿರುಗಾಟವೆಂದು ಸಹೋದ್ಯೋಗಿಗಳು ಹೇಳಿದ್ದರು. ಈಗ ಹಾಗೆ ಹೋಗಿಬಂದ ಸುಮಾರು 23 ಮನೆಗಳ ಮಕ್ಕಳಲ್ಲಿ 17 ಮಂದಿ ಸೇರಿದ ಕೋರ್ಸಿನಲ್ಲೇ ಉಳಿದಿದ್ದಾರೆ. ಹಿಂದೆ ಅರ್ಧದಷ್ಟೂ ಉಳಿಯುತ್ತಿರಲಿಲ್ಲ.

ಮೊದಲ ಎರಡು ವರ್ಷ ಪ್ರೊಜೆಕ್ಟರ್ ಬಾಡಿಗೆ, ಚಾರ್ಟು, ಅಭಿರುಚಿ ಪರೀಕ್ಷೆ ಎಂದು ಕೈಯಿಂದ ಸುಮಾರು 11,000 ರೂಪಾಯಿ ಹೋಯಿತು. ಯಂತ್ರಗಳತ್ತ ಒಲವಿದ್ದ ಹುಡುಗಿಯೊಬ್ಬಳನ್ನು ಡಿಪ್ಲೊಮಾಕ್ಕೆ ಸೇರಿಸಿದೆ. ಮೂರನೆಯ ತಿಂಗಳಿಗೆ ಬಿಟ್ಟಳು. ಶುಲ್ಕವೇ ಕಾರಣವೆಂದು ಹಣ ಹೊಂದಿಸಿಕೊಂಡು ಹೋದರೆ, ತಾಯಿ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ ಕೊಡುತ್ತಿದ್ದವಳು ಮಗಳು. ಅವಳು ಕಾಲೇಜಿಗೆ ಹೊರಟ ಮೇಲೆ ದಿನಕ್ಕೆ 300 ಬೀಡಿ ಕಡಿಮೆಯಾಗಿ, ವಾರದ ಮಜೂರಿಯಲ್ಲಿ 400 ರೂಪಾಯಿಯಷ್ಟು ಖೋತಾ ಆಗಿತ್ತು. ಬೀಡಿ ಕಾರ್ಮಿಕರ ಮಕ್ಕಳಿಗಿರುವ ಕೇಂದ್ರದ ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ ಬರುವಂಥದ್ದು, ಅಕ್ಕಿಯ ಖರ್ಚು ವಾರವಾರದ್ದು. ಅವಳನ್ನು ಮರಳಿ ಕರೆತರಲು ನನ್ನಿಂದಾಗಲಿಲ್ಲ; ಇಂದಿಗೂ ಅದು ನೋಯುತ್ತದೆ.

ಬಳಿಕ, ಒಂದು ತಿಂಗಳಲ್ಲಿ ಮನೆಗೆ ಬಂದುಹೋದವರೆಲ್ಲರ ಕೆಲಸವನ್ನು ಮಕ್ಕಳಿಂದ ಬರೆಸಿದೆ. ಧಕ್ಕೆಯ (ಮೀನುಗಾರಿಕಾ ಬಂದರಿನ) ಕೆಲಸ, ಮೀನು ಮಾರಾಟ, ಬೀಡಿ, ರಿಕ್ಷಾ, ಹೊಲಿಗೆ, ಗಲ್ಫಿನ ಅಂಗಡಿ; ಯಾವ ಪಟ್ಟಿಯೂ ಎಂಟನ್ನು ದಾಟಲಿಲ್ಲ, ಮಕ್ಕಳ ಆಸೆಗಳೂ ಬಹುತೇಕ ಅದರೊಳಗೇ ಇದ್ದವು. ಆದ್ದರಿಂದ ಪಟ್ಟಿಗೆ ಒಬ್ಬರನ್ನು ಸೇರಿಸುವುದೇ ನನ್ನ ಕೆಲಸವಾಯಿತು. ಐಟಿಐ ಮುಗಿಸಿ ದುಡಿಯುತ್ತಿರುವ, ಅದೇ ಓಣಿಯ ಅಥವಾ ನೆಂಟಸ್ತಿಕೆಯ ಒಬ್ಬರನ್ನು ಚಹಾದ ಹೊತ್ತಿಗೆ ಕರೆದೊಯ್ಯುತ್ತಿದ್ದೆ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರನ್ನು ಕರೆದೊಯ್ದಾಗ ಮನೆಯವರು ಬಾಯಿಯೇ ಬಿಡಲಿಲ್ಲ. ನಾಲ್ಕು ಮನೆಗಳಿಗೆ ಓದುವ ಮೇಜು ಕೊಟ್ಟದ್ದರಿಂದಲೂ ಏನೂ ಬದಲಾಗಲಿಲ್ಲ.

ಸಮಯದ ಆಯ್ಕೆಯಲ್ಲೂ ಎಡವಿದ್ದೆ. ಆಳಸಮುದ್ರಕ್ಕೆ ಹೋಗುವ ತಂದೆಯಂದಿರು ಸಿಗುವುದು ಜೂನ್ 1ರಿಂದ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ; ಆದರೆ ಎಸ್ಸೆಸ್ಸೆಲ್ಸಿ ಮುಗಿಸಿದವರ ದಾಖಲಾತಿ ಅಷ್ಟರಲ್ಲಿ ಕೈಮೀರಿರುತ್ತದೆ. ಆದುದರಿಂದ ಹತ್ತನೆಯ ತರಗತಿ ಆರಂಭವಾಗುವ ಜೂನ್‌ನಲ್ಲೇ, ಒಂದು ವರ್ಷ ಮುಂಚಿತವಾಗಿ ಮಾತು ತೆಗೆಯುತ್ತೇನೆ.

"ಟೀಚರೇ, ಅಷ್ಟು ದೂರ ಹುಡುಗಿಯನ್ನು ಒಬ್ಬಳೇ ಹೇಗೆ ಕಳಿಸುವುದು?" ಎಂಬ ಪ್ರಶ್ನೆಗೆ ಮಾತಿನ ಉತ್ತರ ಸಾಲಲಿಲ್ಲ. ಇಬ್ಬಿಬ್ಬರು ತಾಯಂದಿರನ್ನು ಫೆರಿಯಲ್ಲಿ ಹೊಳೆ ದಾಟಿಸಿ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸಿನಲ್ಲಿ ಕದ್ರಿ ಗುಡ್ಡೆಯ ಕೆಪಿಟಿಗೆ (ಸರ್ಕಾರಿ ಪಾಲಿಟೆಕ್ನಿಕ್‌ಗೆ) ಕರೆದೊಯ್ದೆ. ಅವರ ಆ ದಿನದ ಬೀಡಿ ಮಜೂರಿ, ಊಟ, ಬಸ್ಸು ಎಲ್ಲ ಸೇರಿ ತಲಾ 400 ರೂಪಾಯಿ. 14 ತಾಯಂದಿರಿಗೆ ಒಟ್ಟು 6,000 ದಾಟಲಿಲ್ಲ. ಕೂಲಿ ಕೊಟ್ಟು ಕರೆದೊಯ್ಯುವುದೇ ಎಂದು ಆಕ್ಷೇಪಿಸಿದವರಿದ್ದರು, ಆದರೆ ಆ 14 ಮನೆಗಳಲ್ಲಿ 12 ಹುಡುಗಿಯರು ಇಂದಿಗೂ ಓದುತ್ತಿದ್ದಾರೆ.

ಖೋತಾ ಆಗುವ ವಾರದ ಮಜೂರಿಯ ಮಾತನ್ನು ತಾಯಿಯೊಂದಿಗೆ ಎತ್ತುವ ಬಗೆಯೊಂದನ್ನು ನಾನು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನೊಂದಿಗೆ ಚಾವಡಿಗೆ ಬರುವ ಶಿಕ್ಷಕರಿಗೆ ಮಾತ್ರ ಅದನ್ನು ತೋರಿಸಿಕೊಡುತ್ತೇನೆ.