ಹಿರಿಯರ ಮದ್ದನ್ನು ಬರೆದಿಡುವುದು ಹೇಗೆ?

ಹಿರಿಯರಿಂದ ಕೇಳಿದ್ದನ್ನು ‘ಈ ಸೊಪ್ಪು ಜ್ವರಕ್ಕೆ ಒಳ್ಳೆಯದು’ ಎಂದಷ್ಟೇ ಬರೆದಿಟ್ಟರೆ ಮುಂದಿನವರಿಗೆ ಉಪಯೋಗವಿಲ್ಲ. ಕೆಲವೊಮ್ಮೆ ಅಪಾಯವೂ ಹೌದು.

ಮೊದಲು ಗಿಡವನ್ನು ಖಚಿತಪಡಿಸಿಕೊಳ್ಳಿ. ಬರೀ ಹೆಸರನ್ನು ನಂಬಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಮಾತ್ರೆ ನುಂಗಿದ ಹಲವು ಮಹಿಳೆಯರ ಮೂತ್ರಪಿಂಡ ಕೆಟ್ಟಿತು. ಚೀನೀ ವೈದ್ಯದ ‘ಫಾಂಗ್ ಜಿ’ ಬೇರಿನ ಜಾಗಕ್ಕೆ, ಹೆಚ್ಚುಕಡಿಮೆ ಅದೇ ಹೆಸರಿನ, ಮೂತ್ರಪಿಂಡಕ್ಕೆ ವಿಷವಾದ ಅರಿಸ್ಟೊಲೋಕಿಯಾ ಗಿಡದ ಬೇರು ಬಂದಿತ್ತು. ಆದ್ದರಿಂದ ಹೂವೋ ಕಾಯಿಯೋ ಇರುವ ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ. ಒಂದೆರಡು ಎಲೆಗಳನ್ನು ಮಗುಚಿಡಿ, ಹಿಂಬದಿಯೂ ಕಾಣಬೇಕು. ದಿನಾ ಹಾಳೆ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹೂವಿನ ಬಣ್ಣ ಒಣಗಿದ ಮೇಲೆ ಮಾಸುವುದರಿಂದ ಅದನ್ನು ಆಗಲೇ ಬರೆದುಕೊಳ್ಳಿ. ಜಾಗ, ದಿನಾಂಕ ಸೇರಿಸಿ ಸಸ್ಯಶಾಸ್ತ್ರಜ್ಞರಿಗೆ ತೋರಿಸಿ.

ಇನ್ನು ತಯಾರಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳವೇ ಇದು. ಚೀನಾದ ವೈದ್ಯ ಗೆ ಹೊಂಗ್ 4ನೇ ಶತಮಾನದಲ್ಲಿ ಜ್ವರಕ್ಕೆ ‘ಚಿಂಗ್‌ಹಾವ್’ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಬರೆದಿದ್ದ. ಕುದಿಸಿ ಎಂದಿರಲಿಲ್ಲ. ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದ ಚೀನೀ ವಿಜ್ಞಾನಿ ತು ಯೂಯೂ ಅವರಿಗೆ ಹೊಳೆದದ್ದು ಇದೇ: ಬಿಸಿಗೆ ಸತ್ವ ಹಾಳಾಗುತ್ತಿರಬಹುದು. ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ 1971ರಲ್ಲಿ ಸಾರ ತೆಗೆದರು, ಅದು ಫಲಿಸಿತು. ಮಲೇರಿಯಾದ ಔಷಧ ಆರ್ಟಿಮಿಸಿನಿನ್ ಸಿಕ್ಕಿದ್ದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ಹಸಿಯೋ ಒಣಗಿದ್ದೋ, ಎಲೆಯೋ ತೊಗಟೆಯೋ, ಅರೆದದ್ದೋ ಕುದಿಸಿದ್ದೋ, ಎಷ್ಟು ಹೊತ್ತು ಎಂಬುದನ್ನೆಲ್ಲ ಬಿಡದೆ ಕೇಳಿ. ಮದ್ದು ಮಾಡುವಾಗ ಪಕ್ಕದಲ್ಲೇ ಕೂತು ನೋಡುವುದು ಇನ್ನೂ ಒಳ್ಳೆಯದು.

‘ಒಂದು ಹಿಡಿ’ ಎಂದರೆ ಆ ಹಿಡಿಯನ್ನೇ ತಕ್ಕಡಿಗೆ ಹಾಕಿ ಗ್ರಾಂ ಬರೆಯಿರಿ. ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆ ಹೃದ್ರೋಗಕ್ಕೆ ಮದ್ದು, ತುಸು ಹೆಚ್ಚಾದರೆ ವಿಷ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರ ತಮ್ಮ ಪುಸ್ತಕದಲ್ಲಿ ಪ್ರಮಾಣಕ್ಕೆ ಅಷ್ಟು ಒತ್ತು ಕೊಟ್ಟದ್ದು ಅದಕ್ಕೇ.

ಖನಿಜದ ಮದ್ದುಗಳನ್ನು ಬರೆದುಕೊಳ್ಳಿ, ಮನೆಯಲ್ಲಿ ಖಂಡಿತ ಪ್ರಯೋಗಿಸಬೇಡಿ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಪಾಷಾಣ (ಆರ್ಸೆನಿಕ್) ಔಷಧವಾಗಿರುವುದು ನಿಜ, ಆದರೆ ಅದನ್ನು ಕೊಡುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು.

ಪ್ರಾಣಿಮೂಲದ ಮದ್ದಿನಲ್ಲಿ ಜಳ್ಳು–ಕಾಳು ಬೇರ್ಪಡಿಸಲೇಬೇಕು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಇದೆ, ಶಸ್ತ್ರವೈದ್ಯರು ಇಂದಿಗೂ ಜಿಗಣೆ ಬಳಸುತ್ತಾರೆ. ಘೇಂಡಾಮೃಗದ ಕೊಂಬು ಮಾತ್ರ ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ. ಅದಕ್ಕಾಗಿ ಆ ಪ್ರಾಣಿಗಳನ್ನು ಕೊಲ್ಲುತ್ತಿರುವುದು ಸಂಕಟದ ಸಂಗತಿ. ಇಂಥದ್ದನ್ನು ‘ನಂಬಿಕೆ’ ಎಂದೇ ನಮೂದಿಸಿ.

ಹೇಳಿದವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸಬೇಡಿ. ದಕ್ಷಿಣ ಆಫ್ರಿಕಾದ ಸಾನ್ ಜನ ಹಸಿವು ತಡೆಯಲು ಅಗಿಯುತ್ತಿದ್ದ ಹೂಡಿಯಾ ಗಿಡದ ಸತ್ವಕ್ಕೆ ಅವರನ್ನು ಕೇಳದೆಯೇ ಪೇಟೆಂಟ್ ಪಡೆಯಲಾಗಿತ್ತು. ಲಾಭದಲ್ಲಿ ಪಾಲು ಕೊಡುವ ಒಪ್ಪಂದ ಆದದ್ದು 2003ರಲ್ಲಿ. ಬರೆದು ಮುಗಿದ ಮೇಲೆ ಅವರ ಮುಂದೆಯೇ ಓದಿ ತಿದ್ದಿಸಿಕೊಳ್ಳಿ, ಒಂದು ಪ್ರತಿ ಅವರ ಕೈಗೇ ಕೊಡಿ.