ಎಚ್‌ಪಿವಿ ಪಾಸಿಟಿವ್ ಅಂತ ರಿಪೋರ್ಟ್ ಬಂದ್ರೆ ಮುಂದೇನ್ ಮಾಡ್ಬೇಕು

ರಾತ್ರಿ ಹತ್ತೂವರೆಗೆ ಅಕ್ಕ ಫೋನ್ ಮಾಡಿ "ನಂಗೆ ಕ್ಯಾನ್ಸರ್ ಕಣೇ" ಅಂತ ಅಳೋಕೆ ಶುರು ಮಾಡಿದ್ಲು. ರಿಪೋರ್ಟ್ ಫೋಟೋ ಕಳ್ಸು ಅಂದೆ, ನೋಡಿದ್ರೆ ಅದ್ರಲ್ಲಿ ಇದ್ದಿದ್ದು ಎಚ್‌ಪಿವಿ ಪಾಸಿಟಿವ್, ಟೈಪ್ 16 ಅಂತ ಅಷ್ಟೇ. ಎಚ್‌ಪಿವಿ ಅಂದ್ರೆ ಲೈಂಗಿಕ ಸಂಪರ್ಕದಿಂದ ಹರಡೋ ಒಂದು ವೈರಸ್. ಕ್ಯಾನ್ಸರ್ ಅನ್ನೋ ಪದಾನೇ ಇರ್ಲಿಲ್ಲ. ಆ ರಾತ್ರಿ ಅವಳಿಗೆ ಏನೇನ್ ಹೇಳಿದ್ನೋ, ಆಮೇಲೆ ಡಾಕ್ಟ್ರ ಹತ್ರ ಕೂತು ನಾವಿಬ್ರೂ ಏನೇನ್ ಕಲಿತ್ವೋ ಅದನ್ನೇ ಇಲ್ಲಿ ಬರೀತಿದೀನಿ, ಇನ್ಯಾರಾದ್ರೂ ಹಂಗೆ ಅಳ್ತಾ ಕೂತಿದ್ರೆ ಓದ್ಲಿ ಅಂತ.

ಮೊದ್ಲು ರಿಪೋರ್ಟಲ್ಲಿ ಯಾವ ಟೆಸ್ಟ್ ಮಾಡಿದಾರೆ ಅಂತ ನೋಡಿ. ಎಚ್‌ಪಿವಿ ಟೆಸ್ಟ್ ಅಂದ್ರೆ ಗರ್ಭಕೋಶದ ಬಾಯಲ್ಲಿ ವೈರಸ್ ಇದೆಯಾ ಅಂತ ಹುಡುಕೋದು, ಪ್ಯಾಪ್ ಟೆಸ್ಟ್ ಅಂದ್ರೆ ಅಲ್ಲಿನ ಜೀವಕೋಶಗಳ ಆಕಾರ ಕೆಟ್ಟಿದೆಯಾ ಅಂತ ಮೈಕ್ರೋಸ್ಕೋಪಲ್ಲಿ ನೋಡೋದು. ಒಂದು ಪಾಸಿಟಿವ್ ಇದ್ದು ಇನ್ನೊಂದು ನಾರ್ಮಲ್ ಇರಬಹುದು, ಅದು ಲ್ಯಾಬಿನ ತಪ್ಪಲ್ಲ.

ಆಮೇಲೆ ಟೈಪ್ ನಂಬರ್ ನೋಡಿ. ಈ ವೈರಸ್ಸಲ್ಲಿ 200ಕ್ಕೂ ಹೆಚ್ಚು ಟೈಪ್ ಇವೆ, ಕ್ಯಾನ್ಸರ್ ತರೋ ಶಕ್ತಿ ಇರೋದು ಸುಮಾರು 14ಕ್ಕೆ, ಅದ್ರಲ್ಲೂ 16 ಮತ್ತು 18 ಎರಡೇ ಸೇರಿ ಗರ್ಭಕಂಠದ, ಅಂದ್ರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಲ್ಲಿ ಸುಮಾರು 70% ಕೇಸಿಗೆ ಕಾರಣ. 16 ಅಥವಾ 18 ಬಂದಿದ್ರೆ ಪ್ಯಾಪ್ ನಾರ್ಮಲ್ ಇದ್ರೂ ಸಾಮಾನ್ಯವಾಗಿ ಸೀದಾ ಕಾಲ್ಪೋಸ್ಕೋಪಿಗೆ (ಗರ್ಭಕೋಶದ ಬಾಯನ್ನ ದೊಡ್ಡದಾಗಿ ನೋಡೋ ಪರೀಕ್ಷೆ, ಕೆಳಗೆ ಹೇಳ್ತೀನಿ) ಕಳಿಸ್ತಾರೆ. ಬೇರೆ ಹೈ ರಿಸ್ಕ್ ಟೈಪ್ ಇದ್ದು ಪ್ಯಾಪ್ ನಾರ್ಮಲ್ ಇದ್ರೆ ಹೆಚ್ಚಾಗಿ ಒಂದ್ ವರ್ಷ ಬಿಟ್ಟು ಮತ್ತೆ ಟೆಸ್ಟ್ ಮಾಡ್ತಾರೆ, ಯಾಕಂದ್ರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಒಂದೆರಡು ವರ್ಷದಲ್ಲಿ ದೇಹಾನೇ ವೈರಸ್ಸನ್ನ ಹತ್ತಿಕ್ಕಿಬಿಡುತ್ತೆ. ಇದಕ್ಕೆ ಆಂಟಿಬಯೋಟಿಕ್ ಕೆಲ್ಸ ಮಾಡಲ್ಲ, ವೈರಸ್ ಓಡಿಸ್ತೀವಿ ಅಂತ ಯಾರಾದ್ರೂ ಮಾತ್ರೆ, ಪುಡಿ ಮಾರಿದ್ರೆ ದಯವಿಟ್ಟು ತಗೋಬೇಡಿ.

ಭಯ ಇರೋದು ವೈರಸ್ ಬಂದಿದ್ದಕ್ಕಲ್ಲ, ಅದು ಹೋಗ್ದೆ ವರ್ಷಗಟ್ಲೆ ಉಳ್ಕೊಂಡ್ರೆ. ನಮ್ಮ ಜೀವಕೋಶಗಳಲ್ಲಿ ಪಿ53, ಆರ್‌ಬಿ ಅಂತ ಎರಡು ಪ್ರೋಟೀನ್ ಇವೆ, ಗಾಡಿಗೆ ಬ್ರೇಕ್ ಇದ್ದಂಗೆ, ಜೀವಕೋಶ ಸಿಕ್ಕಾಪಟ್ಟೆ ಬೆಳೀದಂಗೆ ತಡೆಯೋದು ಅವೇ, ಈ ವೈರಸ್ಸಿನ ಇ6 ಪ್ರೋಟೀನ್ ಪಿ53ನ ನಾಶ ಮಾಡುತ್ತೆ, ಇ7 ಆರ್‌ಬಿನ ಕಟ್ಟಿಹಾಕುತ್ತೆ, ಎರಡೂ ಬ್ರೇಕ್ ಹೋಯ್ತು. ಆದ್ರೂ ಅಲ್ಲಿಂದ ಕ್ಯಾನ್ಸರ್ ತನಕ ಹೋಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತೆ. ಎಚ್‌ಐವಿ ಇದ್ದು ಟ್ರೀಟ್‌ಮೆಂಟ್ ತಗೊಳ್ದೇ ಇದ್ರೆ, ಅಥವಾ ಬೇರೆ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಂದಿದ್ರೆ, 5ರಿಂದ 10 ವರ್ಷದಲ್ಲೇ ಆಗಬಹುದು, ಅವ್ರು ತಡ ಮಾಡ್ಲೇಬಾರ್ದು. ಸಿಗರೇಟ್ ಸೇದೋರಿಗೂ ರಿಸ್ಕ್ ಜಾಸ್ತಿ. ಈ ವೈರಸ್ಸಿಗೂ ಕ್ಯಾನ್ಸರಿಗೂ ಇರೋ ನಂಟನ್ನ ಕಂಡುಹಿಡಿದಿದ್ದು ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್, ಗಡ್ಡೆಯಲ್ಲಿ ಟೈಪ್ 16 ಇದೆ ಅಂತ 1983ರಲ್ಲಿ, 18 ಇದೆ ಅಂತ 1984ರಲ್ಲಿ ತೋರಿಸಿದ್ರು, 2008ರಲ್ಲಿ ನೊಬೆಲ್ ಬಂತು. ಇವತ್ತು ಈ ಟೆಸ್ಟ್ ಇರೋದೇ ಆ ಕೆಲಸದಿಂದ.

ಕಾಲ್ಪೋಸ್ಕೋಪಿ ಅಂದ್ರೆ ಅಕ್ಕ ಆಪರೇಷನ್ ಅಂದ್ಕೊಂಡಿದ್ಲು. ಅಲ್ಲ. ಯಂತ್ರ ಹೊರಗೇ ಇರುತ್ತೆ, ಲೈಟಿರೋ ದೊಡ್ಡ ಭೂತಗನ್ನಡಿ ಥರ. ಡಾಕ್ಟ್ರು ಗರ್ಭಕೋಶದ ಬಾಯಿಗೆ 3ರಿಂದ 5% ಅಸಿಟಿಕ್ ಆಸಿಡ್ ಹಚ್ಚಿ, ಅಂದ್ರೆ ವಿನೆಗರ್‌ನಷ್ಟೇ ಖಾರದ್ದು, ಒಂದ್ ನಿಮಿಷ ಕಾಯ್ತಾರೆ. ಗುಲಾಬಿ ಬಣ್ಣದ ಜಾಗದಲ್ಲಿ ಕೆಟ್ಟ ಭಾಗ ಇದ್ರೆ ಅಷ್ಟು ಮಾತ್ರ ನಿಧಾನಕ್ಕೆ ಬೆಳ್ಳಗಾಗುತ್ತೆ. ಅಕ್ಕಂಗೆ ಸ್ಕ್ರೀನಲ್ಲಿ ತೋರಿಸಿದ್ರು, ಉಗುರಿನ ತುದಿಯಷ್ಟು ಒಂದು ಬಿಳಿ ಮಚ್ಚೆ. ಅಲ್ಲಿಂದ ಚೂರು ತೆಗ್ದು ಬಯಾಪ್ಸಿಗೆ ಕಳ್ಸಿದ್ರು, ಚಿವುಟಿದಂಗಾಯ್ತು ಅಂದ್ಲು. ಅಪಾಯಿಂಟ್‌ಮೆಂಟ್ ತಗೋಳೋವಾಗ ಪೀರಿಯಡ್ಸ್ ಇಲ್ಲದ ದಿನ ನೋಡ್ಕೊಳ್ಳಿ, ಹಿಂದಿನ ಎರಡು ದಿನ ಒಳಗೆ ಕ್ರೀಮ್, ಮಾತ್ರೆ ಇಡೋದು, ಸಂಪರ್ಕ ಎಲ್ಲಾ ಬೇಡ. ಪ್ರೆಗ್ನೆಂಟ್ ಆಗಿದ್ರೆ ಅಥವಾ ಆಗೋ ಪ್ಲಾನ್ ಇದ್ರೆ ಮೊದ್ಲೇ ಹೇಳಿ.

ಬಯಾಪ್ಸಿ ರಿಪೋರ್ಟಲ್ಲಿ ಸಿಐಎನ್ ಅಂತ ಇರುತ್ತೆ, ಅಂದ್ರೆ ಕೆಟ್ಟಿದ್ರೂ ಇನ್ನೂ ಕ್ಯಾನ್ಸರ್ ಆಗಿರದ ಜೀವಕೋಶ, 1ರಿಂದ 3ರ ತನಕ ಹಂತ. ಸಿಐಎನ್ 1 ಅಂತ ಬಂದ್ರೆ ಬಹುತೇಕ ತಾನಾಗೇ ಹೋಗುತ್ತೆ, ಕಾದು ನೋಡ್ತಾರೆ. ಸಿಐಎನ್ 3 ಬಂದ್ರೆ ಟ್ರೀಟ್‌ಮೆಂಟ್ ಬೇಕೇ ಬೇಕು, ಹಾಗೇ ಬಿಟ್ರೆ 30 ವರ್ಷದಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ರಿಗೆ ಕ್ಯಾನ್ಸರ್ ಆಗುತ್ತೆ. 2 ಇವೆರಡರ ಮಧ್ಯದ್ದು, ಹೆಚ್ಚಾಗಿ ತೆಗೆದೇಬಿಡ್ತಾರೆ. ಲೀಪ್ ಅಂತ ಮಾಡ್ತಾರೆ, ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ಕರೆಂಟ್ ಹರಿಯೋ ಸಣ್ಣ ತಂತಿ ಕುಣಿಕೆಯಿಂದ ಕೆಟ್ಟ ಪದರ ಕತ್ತರಿಸೋದು, ಗರ್ಭಕೋಶ ತೆಗೆಯಲ್ಲ. ಆಮೇಲೆ ಕೆಲವು ವಾರ ಸ್ರಾವ ಇರುತ್ತೆ, 6ರಿಂದ 12 ತಿಂಗಳೊಳಗೆ ಮತ್ತೆ ಟೆಸ್ಟ್, ಇದನ್ನ ಮಾತ್ರ ತಪ್ಪಿಸ್ಬೇಡಿ.

ಇನ್ನೊಂದು ಮಾತು, ಹೇಳೋಕೆ ಕಷ್ಟ ಆದ್ರೂ ಹೇಳ್ಬೇಕು. ರಿಪೋರ್ಟ್ ನೋಡಿದ ತಕ್ಷಣ ಗಂಡ ಹೆಂಡ್ತಿ ಒಬ್ರನ್ನೊಬ್ರು ಅನುಮಾನದಿಂದ ನೋಡ್ತಾರೆ. ಈ ವೈರಸ್ ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು ಈಗ ಟೆಸ್ಟಲ್ಲಿ ಕಾಣಿಸ್ಕೋಬಹುದು, ಯಾವಾಗ ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳಲ್ಲ, ಹಾಗಾಗಿ ದಯವಿಟ್ಟು ಆ ಜಗಳಕ್ಕೆ ಇಳೀಬೇಡಿ.

ಲಸಿಕೆ ಬಗ್ಗೆ ಎಲ್ರೂ ಕೇಳ್ತಾರೆ. ಈಗಾಗ್ಲೇ ಬಂದಿರೋ ಸೋಂಕನ್ನ ಅದು ವಾಸಿ ಮಾಡಲ್ಲ, ಆದ್ರೆ ಮನೇಲಿ 9ರಿಂದ 14 ವರ್ಷದ ಹೆಣ್ಮಕ್ಕಳಿದ್ರೆ ಅವ್ರಿಗೆ ಹಾಕ್ಸೋಕೆ ಅದೇ ಸರಿಯಾದ ವಯಸ್ಸು. ಲಸಿಕೆ ಹಾಕ್ಸ್ಕೊಂಡೋರೂ ದೊಡ್ಡೋರಾದ್ಮೇಲೆ ಟೆಸ್ಟ್ ಮಾಡಿಸ್ಬೇಕು, ವಿಶ್ವ ಆರೋಗ್ಯ ಸಂಸ್ಥೆ 30 ವರ್ಷದಿಂದ ಶುರು ಮಾಡಿ 5ರಿಂದ 10 ವರ್ಷಕ್ಕೊಮ್ಮೆ ಅನ್ನುತ್ತೆ.

ಸಂಪರ್ಕ ಆದ್ಮೇಲೆ ರಕ್ತ, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ, ವಾಸನೆ ಇರೋ ಬಿಳಿಸೆರಗು, ಇವು ಕಂಡ್ರೆ ಮುಂದಿನ ಟೆಸ್ಟ್ ತಾರೀಖಿಗೆ ಕಾಯೋದು ಬೇಡ, ಆ ವಾರವೇ ಡಾಕ್ಟ್ರನ್ನ ನೋಡಿ. ಅಕ್ಕಂಗೆ ಬಂದಿದ್ದು ಸಿಐಎನ್ 2, ಲೀಪ್ ಆಯ್ತು, ವರ್ಷದ ಟೆಸ್ಟ್ ನೆಗೆಟಿವ್ ಬಂತು, ಮುಂದಿನ ತಾರೀಖು ಅವಳ ಫೋನಲ್ಲೂ ಇದೆ, ನನ್ನ ಫೋನಲ್ಲೂ ಇದೆ.